ದಂಡು, ತಂಡು, ದಿಂಡು

ಚೆನ್ನೈನ ತಾಂಬರಂಗೆ ಬಂದ ಮರುದಿನ ಬೆಳಿಗ್ಗೆ ಬೀದಿಯಲ್ಲಿ ಗಂಡಸೊಬ್ಬನ ಕೂಗು ಕೇಳಿಸಿತು: "ತಂಡೂ! ತಂಡೂ!" ನನ್ನ ಕಿವಿಗೆ ಅದು "ದಂಡು" ಎಂದೇ ಬಿತ್ತು. ಓಡಿಹೋಗಿ ಬಾಗಿಲಿನ ಚಿಲಕ ಹಾಕಿಬಿಟ್ಟೆ. ಅದೂ ಮೂರನೇ ಮಹಡಿಯಲ್ಲಿ!

ನಮ್ಮ ಮದ್ದೂರಿನ ಕಡೆ ದಂಡು ಎಂದರೆ ಸೈನ್ಯ. ಬ್ರಿಟಿಷರ ಕಾಲದಲ್ಲಿ ದಂಡಿಗೆ ಆಳು ಸೇರಿಸುವವರು ಸಂತೆಗೆ ಬಂದರೆ ಹುಡುಗರೆಲ್ಲ ಹುಲ್ಲಿನ ಮೆದೆಯಲ್ಲಿ ಅಡಗುತ್ತಿದ್ದರಂತೆ. ನಾನು ಹುಟ್ಟುವ ಹೊತ್ತಿಗೆ ಬ್ರಿಟಿಷರು ಹೋಗಿಯಾಗಿತ್ತು. ಆದರೂ ನಾನು ಉಣ್ಣದಿದ್ದರೆ ಅವ್ವ "ದಂಡು ಬಂತು ನೋಡು" ಎಂದು ಹೆದರಿಸುತ್ತಿದ್ದಳು. ಎಪ್ಪತ್ತು ದಾಟಿದರೂ ಆ ಭಯ ಹೋಗಿಲ್ಲ.

ಮಗಳು ಸವಿತಾ ನಕ್ಕು ನಕ್ಕು ಸುಸ್ತಾದಳು. "ಅವ್ವಾ, ಇಲ್ಲಿ ತಂಡು ಅಂದ್ರೆ ಬಾಳೆ ದಿಂಡು ಕಣವ್ವ. ಪಲ್ಯಕ್ಕೆ!"

ಅವಳಿಗೆ ಇಲ್ಲಿ ಬ್ಯಾಂಕಿನ ಕೆಲಸ. ಮೊಮ್ಮಗಳು ನಿಧಿಯನ್ನು ನೋಡಿಕೊಳ್ಳಲು ನಾನು ಬಂದೆ. ಅಲ್ಲಿ ಮುದ್ದೆ, ಇಲ್ಲಿ ಇಡ್ಲಿ. ಅದಕ್ಕೆ ಹೊಟ್ಟೆ ಬೇಗ ಒಗ್ಗಿತು. ಒಗ್ಗದ್ದು ಒಂದೇ. ನಾಲ್ಕನೇ ಕ್ಲಾಸಿನ ನಿಧಿಗೆ ನನ್ನ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲಿ. "ಉಂಡ್ಯಾ ಮಗ?" ಎಂದರೆ "ಸಾಪ್ಟೇನ್ ಪಾಟಿ" ಅನ್ನುವಳು. ಸಾಪ್ಟೇನ್ ಎಂದರೆ ಉಂಡೆ, ಪಾಟಿ ಎಂದರೆ ಅಜ್ಜಿ. ಅವಳ ಬಾಯಿಂದ ಒಂದೇ ಒಂದು ಸಲ ಕನ್ನಡ ಕೇಳಿದರೆ ಸಾಕು ಎಂದು ನನಗೆ ಆಸೆಯೋ ಆಸೆ.

ಹೋದ ತಿಂಗಳು ಅವಳ ಶಾಲೆಯಲ್ಲಿ, ಮನೆಯ ಹಿರಿಯರ ಕಥೆಯನ್ನು ಮನೆಮಾತಿನಲ್ಲೇ ಹೇಳಬೇಕು ಅಂದರಂತೆ. ನಾನು ನನ್ನ ಅಪ್ಪನ ಕಥೆ ಹೇಳಿಕೊಟ್ಟೆ. ಎರಡನೇ ಮಹಾಯುದ್ಧದ ಕಾಲ. ಮನೆಯಲ್ಲಿ ಒಂದೇ ಹೊತ್ತಿನ ಊಟ. ದಂಡಿನಲ್ಲಿ ಮೂರು ಹೊತ್ತೂ ಉಂಟು ಅಂದದ್ದು ಕೇಳಿ ಅಪ್ಪ ಮೆದೆಯಿಂದ ಹೊರಬಂದ. ತೂಕ ಸಾಲದು ಅಂದರು. ಅಪ್ಪನೂ ಗೆಳೆಯ ಕೆಂಪಣ್ಣನೂ ಸಂತೆಯಲ್ಲೇ ಒಂದೊಂದು ಚಿಪ್ಪು ಬಾಳೆಹಣ್ಣು ತಿಂದು, ಚೊಂಬುಗಟ್ಟಲೆ ನೀರು ಕುಡಿದು ಮತ್ತೆ ತಕ್ಕಡಿ ಹತ್ತಿದರು. ಪಾಸು! ಇದೇ ಮದ್ರಾಸಿನಿಂದ ಹಡಗು ಹತ್ತಿ ಬರ್ಮಾಕ್ಕೆ ಹೋದರು. ಕೆಂಪಣ್ಣ ತಿರುಗಿ ಬರಲಿಲ್ಲ. ಅಪ್ಪ ಬಂದ, ಆದರೆ ಸಾಯುವವರೆಗೂ ಬಾಳೆಹಣ್ಣು ಮುಟ್ಟಲಿಲ್ಲ.

ಆ ದಿನ ನಾನೂ ಶಾಲೆಗೆ ಹೋಗಿ ಕೂತಿದ್ದೆ. ನಿಧಿ ಮೈಕಿನ ಮುಂದೆ ನಿಂತು "ನಮ್ಮ ಮುತ್ತಾತ ತಂಡಿಗೆ ಹೋದ್ರು" ಅಂದಳು. ಅಷ್ಟೇ! "ತಂಡಾ?" ಎಂದು, ಬಾಳೆ ದಿಂಡು ನೆನೆದು ಮಕ್ಕಳೆಲ್ಲ ಗೊಳ್ಳೆಂದರು. ಮಗು ಅಳುತ್ತಾ ಇಳಿದು ಬಂದೇ ಬಿಡುತ್ತಾಳೆ ಅಂದುಕೊಂಡೆ.

"ಸಿರಿಕ್ಕಾದೀಂಗ!" ನಗಬೇಡಿ ಎಂದು ಗದರಿದಳು ನಮ್ಮ ನಿಧಿ. ಆಮೇಲೆ ನನ್ನನ್ನೇ ನೋಡುತ್ತಾ, "ತಂಡು ಅಲ್ಲ, ದಂಡು. ನಮ್ಮೂರಲ್ಲಿ ದಂಡು ಅಂದ್ರೆ ಆರ್ಮಿ" ಅಂದಳು.

ನಮ್ಮೂರಲ್ಲಿ! ಚೆನ್ನೈನಲ್ಲೇ ಹುಟ್ಟಿ ಬೆಳೆದ ಕೂಸು! ಕೆಂಪಣ್ಣನ ಸಾವಿನವರೆಗೂ ಒಂದು ಮಾತೂ ಬಿಡದೆ ಕನ್ನಡದಲ್ಲೇ ಹೇಳಿದಳು. ನಾನು ಅಳುತ್ತಲೇ ಚಪ್ಪಾಳೆ ತಟ್ಟಿದೆ. ಏನೂ ತಿಳಿಯದಿದ್ದರೂ ಪಕ್ಕದಲ್ಲಿದ್ದ ತಮಿಳು ಅಜ್ಜಿ ನನಗಿಂತ ಜೋರಾಗಿ ತಟ್ಟಿದರು.

ಈಗ ಕೂಗು ಕೇಳಿದರೆ ಚೀಲ ಹಿಡಿದು ನಾನೇ ಕೆಳಗಿಳಿಯುತ್ತೇನೆ. ನಿನ್ನೆ ಊರಿನಲ್ಲಿರುವ ತಂಗಿಗೆ ಫೋನು ಮಾಡಿ, "ಇವತ್ತು ತಂಡು ಪಲ್ಯ ಕಣೆ" ಅಂದೆ.

"ಏನಕ್ಕ, ಈ ವಯಸ್ಸಲ್ಲಿ ದಂಡಿಗೆ ಹೊಂಟ್ಯಾ?"

ನಿಧಿ ಫೋನು ಕಿತ್ತುಕೊಂಡಳು. "ದಿಂಡು ಪಲ್ಯ, ಅಜ್ಜಿ. ನಮ್ಮ ಪಾಟಿಗೆ ಕನ್ನಡ ಸರಿಯಾಗಿ ಬರಲ್ಲ."