ಜೇಬು ಇದ್ದ ಕಡೆ

ಆಸ್ಪತ್ರೆಯ ನೆಲಮಾಳಿಗೆಯ ಎಕ್ಸ್‌ರೇ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವಳನ್ನು ರೋಗಿಗಳಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರೂ ಕರೆಯುತ್ತಿದ್ದುದು ಎಕ್ಸ್‌ರೇ ಅಕ್ಕ ಎಂದೇ. ಗಂಡ ತೀರಿಕೊಂಡು ಎಂಟು ವರ್ಷವಾಗಿತ್ತು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಅವಳು ಮತ್ತು ಅತ್ತೆ, ಇಬ್ಬರೇ. ಅತ್ತೆಯದು ಕತ್ತರಿಯಂಥ ನಾಲಿಗೆ. "ನನ್ನ ಸೊಸೆ ಊರಿನವರ ಎಲುಬೆಲ್ಲ ಎಣಿಸಿದಾಳೆ, ನನ್ನ ಮಂಡಿ ನೋವೊಂದು ಮಾತ್ರ ಅವಳ ಕಣ್ಣಿಗೆ ಬೀಳಲ್ಲ" ಎಂದು ಮೆಟ್ಟಿಲಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದರು.

ಅಕ್ಕನದು ಅಚ್ಚುಕಟ್ಟಿನ ಕೆಲಸ. ಮೊದಲ ಸಲ ಬಂದವರು ಬಾಗಿಲಲ್ಲೇ ಹೆದರಿ ನಿಲ್ಲುತ್ತಿದ್ದರು. ಶಾಕ್ ಹೊಡೆಯುತ್ತಾ, ಸುಡುತ್ತಾ ಎಂದು ಕೇಳುತ್ತಿದ್ದರು. ಅವಳು ಯಾರನ್ನೂ ನೋಡಿ ನಗುತ್ತಿರಲಿಲ್ಲ. ಏನು ಮಾಡುತ್ತಾಳೋ ಅದನ್ನು ಮಾಡುವ ಮೊದಲೇ ಹೇಳುತ್ತಿದ್ದಳು. "ಈ ಹಲಗೆ ಎದೆಗೆ ತಣ್ಣಗೆ ತಾಗುತ್ತೆ, ಬೆಚ್ಚಬೇಡಿ. ಹಿಡಿ ಅಂದಾಗ ಉಸಿರು ಹಿಡೀರಿ, ಬಿಡಿ ಅಂದಾಗ ಬಿಡಿ. ನಾನು ಆ ಗೋಡೆ ಹಿಂದೆ ಹೋಗ್ತೀನಿ, ಗಾಜಲ್ಲಿ ನಿಮ್ಮನ್ನೇ ನೋಡ್ತಿರ್ತೀನಿ." ಚಿತ್ರ ತೆಗೆದಾದ ಮೇಲೆ ಎಲ್ಲರದೂ ಒಂದೇ ಪ್ರಶ್ನೆ: ಏನಿದೆ ಅಕ್ಕ? ಅದಕ್ಕೆ ಅವಳದೂ ಒಂದೇ ಉತ್ತರ: "ಡಾಕ್ಟರು ಹೇಳ್ತಾರೆ." ಒಳಗೆ ಏನು ಕಂಡರೂ ಮುಖದಲ್ಲಿ ಗೆರೆ ಅಲ್ಲಾಡಬಾರದು. ಆ ವಿದ್ಯೆಯಲ್ಲಿ ಅವಳು ಪಳಗಿದ್ದಳು.

ಹಾಸಿಗೆ ಬಿಟ್ಟು ಏಳಲಾರದವರ ಹತ್ತಿರ ಚಕ್ರದ ಯಂತ್ರವನ್ನು ತಳ್ಳಿಕೊಂಡು ಅವಳೇ ಹೋಗುತ್ತಿದ್ದಳು. ಹಲಗೆಯ ಅಂಚಿಗೆ ಸೀಸದ ಒಂದು ಪುಟ್ಟ ಅಕ್ಷರ ಅಂಟಿಸುವುದು ವಾಡಿಕೆ, ಎಡವಾದರೆ ಎಡದ್ದು, ಬಲವಾದರೆ ಬಲದ್ದು. ಅದರ ನೆರಳು ಚಿತ್ರದಲ್ಲೇ ಬೀಳುವುದರಿಂದ ಯಾವ ಕಡೆ ಯಾವುದೆಂಬ ಗೊಂದಲವೇ ಇರುವುದಿಲ್ಲ. ಆ ಅಕ್ಷರಗಳು ಕಳೆದುಹೋಗಿ ಒಂದು ತಿಂಗಳಾಗಿತ್ತು. ಎರಡು ಸಲ ಚೀಟಿ ಬರೆದುಕೊಟ್ಟರೂ ಹೊಸವು ಬಂದಿರಲಿಲ್ಲ. ಅಲ್ಲಿಯವರೆಗೆ ಆಗಲಿ ಎಂದು, ಚಿತ್ರ ಬಂದ ಮೇಲೆ ಪರದೆಯ ಮೇಲೆ ಎಡ ಬಲ ಒತ್ತಿಬಿಡುತ್ತಿದ್ದಳು.

ಆ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಬಸ್ಸೊಂದು ಉರುಳಿ ತುರ್ತು ವಾರ್ಡು ತುಂಬಿಹೋಯಿತು. ಎಕ್ಸ್‌ರೇ ಕೋಣೆಯ ಅವಳ ಜೊತೆಗಾರ ಮಗಳ ಹೆರಿಗೆಗೆಂದು ರಜೆಯಲ್ಲಿದ್ದ. ಕಾಲಿಡಲು ಜಾಗವಿಲ್ಲದ ಆ ಗದ್ದಲದ ನಡುವೆ ಇನ್ನೊಬ್ಬನನ್ನು ತಂದು ಮಲಗಿಸಿದರು. ಅವನು ಬಸ್ಸಿನವನಲ್ಲ. ಮೂರನೇ ಮಹಡಿಯ ಗೋಡೆಗೆ ಬಣ್ಣ ಬಳಿಯುತ್ತಿದ್ದವನು, ನಿಂತಿದ್ದ ಬೊಂಬಿನ ಸಾರುವೆ ಮುರಿದು ಬಿದ್ದಿದ್ದ. ಗೋಡೆಯ ಆಮ್ಲಜನಕದ ನಳಿಕೆ ಮೋಟಾಗಿ ಮಂಚದ ತಲೆಯ ಕಡೆಗೆ ಎಟುಕದ್ದರಿಂದ ಅವನನ್ನು ಮಂಚದ ಮೇಲೆ ತಲೆಯಿರುವ ಕಡೆ ಕಾಲು, ಕಾಲಿರುವ ಕಡೆ ತಲೆ ಮಾಡಿ ಮಲಗಿಸಿದ್ದರು. ಹುಬ್ಬಿನ ಮೇಲೆಲ್ಲ ಹಳದಿ ಬಣ್ಣದ ಹನಿಗಳು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

"ಅಕ್ಕಾ, ಎಡಗಡೆ ಮುಟ್ಬೇಡಿ. ಪ್ರಾಣ ಹೋಗುತ್ತೆ."

"ಇಲ್ಲಪ್ಪ, ಮೆಲ್ಲಗೆ. ಬೆನ್ನಿಗೆ ತಣ್ಣಗೆ ತಾಗುತ್ತೆ, ಅಷ್ಟೇ."

ಅಂಗಿ ಬಿಚ್ಚಿಸಬೇಕಿತ್ತು. ಬಿಚ್ಚಿಸಲಿಲ್ಲ. ಪಕ್ಕದ ಮಂಚದಲ್ಲೊಬ್ಬಳು ಕಿರುಚುತ್ತಿದ್ದಳು, ಅದರಾಚೆ ಮೂವರು ಕಾಯುತ್ತಿದ್ದರು. ಚಿತ್ರ ಪರದೆಯ ಮೇಲೆ ತಲೆಕೆಳಗಾಗಿ ಬಂತು. ಅದನ್ನು ನೆಟ್ಟಗೆ ಮಾಡಲು ಎರಡು ಗುಂಡಿ ಇದ್ದವು. ಒಂದು ಚಿತ್ರವನ್ನು ಸುತ್ತಿಸುತ್ತದೆ. ಇನ್ನೊಂದು ರೊಟ್ಟಿ ಮಗುಚಿದಂತೆ ಮಗುಚಿಬಿಡುತ್ತದೆ. ಎರಡರಲ್ಲೂ ತಲೆ ಮೇಲೆ ಬರುತ್ತದೆ, ಆದರೆ ಮಗುಚಿದರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಅವಳ ಬೆರಳು ಎರಡನೆಯದರ ಮೇಲೆ ಬಿತ್ತು. ಅಭ್ಯಾಸದಂತೆ ಮೂಲೆಯಲ್ಲಿ ಅಕ್ಷರ ಒತ್ತಿ, ಯಂತ್ರವನ್ನು ಮುಂದಿನ ಮಂಚಕ್ಕೆ ತಳ್ಳಿದಳು.

ಕೆಲಸಕ್ಕೆ ಸೇರಿ ಏಳು ತಿಂಗಳಾಗಿದ್ದ ಚಿಕ್ಕ ಡಾಕ್ಟರು ಚಿತ್ರ ನೋಡಿದರು. ಎದೆಯ ಬಲಗಡೆ ಗಾಳಿ ತುಂಬಿ ಶ್ವಾಸಕೋಶ ಮುದುಡಿದೆ ಎಂದು ಅದು ಸಾರಿ ಹೇಳುತ್ತಿತ್ತು. ಗಾಳಿಯ ಒತ್ತಡಕ್ಕೆ ಗುಂಡಿಗೆಯೂ ಪಕ್ಕಕ್ಕೆ ಸರಿದಿದ್ದರಿಂದ ಅದನ್ನು ನೋಡಿಯೂ ತಪ್ಪು ತಿಳಿಯುವಂತಿರಲಿಲ್ಲ. ಗಾಳಿ ಹೊರಹೋಗಲೆಂದು ಬಲಗಡೆ ತೂತು ಮಾಡಿ ಕೊಳವೆ ಹಾಕಿದರು. ಸರಿಯಾಗಿದ್ದ ಶ್ವಾಸಕೋಶಕ್ಕೂ ಪೆಟ್ಟಾಯಿತು. ದೊಡ್ಡ ಡಾಕ್ಟರು ಬಂದು, ಎದೆಗೆ ಸ್ಟೆತಸ್ಕೋಪು ಇಟ್ಟು, "ಎಡಗಡೆ ಕಣಯ್ಯಾ!" ಎಂದು ಕೂಗಿ, ಇನ್ನೊಂದು ಕೊಳವೆ ಹಾಕುವ ಹೊತ್ತಿಗೆ ಹೊತ್ತು ಮೀರಿತ್ತು. ಬಣ್ಣದವನು ಮತ್ತೆ ಕಣ್ಣು ಬಿಡಲಿಲ್ಲ. ನಾಲ್ಕನೆಯ ದಿನ ತೀರಿಕೊಂಡ.

ಅಕ್ಕನಿಗೆ ಸುದ್ದಿ ಮುಟ್ಟಿದ್ದು ಅವನು ತೀರಿಕೊಂಡ ದಿನ ಮಧ್ಯಾಹ್ನ, ಕೈ ತೊಳೆಯುವ ನಲ್ಲಿಯ ಹತ್ತಿರ. ವಾರ್ಡಿನ ನರ್ಸು ಪಿಸುಗುಟ್ಟಿದಳು: "ಚಿಕ್ಕ ಡಾಕ್ಟರು ತಪ್ಪು ಕಡೆ ಕೊಳವೆ ಹಾಕಿದ್ರಂತೆ. ಚಿತ್ರದಲ್ಲಿ ಬಲಗಡೆನೇ ಇತ್ತು ಅಂತ ಬಡ್ಕೊಳ್ತಿದಾರೆ. ಯಾರು ನಂಬ್ತಾರೆ?"

ಅಕ್ಕ ಒದ್ದೆ ಕೈಯಲ್ಲೇ ಕೆಳಗಿಳಿದು ಹೋಗಿ ಚಿತ್ರ ತೆರೆದಳು. ಎದೆಯ ಬಲಭಾಗದಲ್ಲಿ, ಪಕ್ಕೆಲುಬುಗಳ ಮೇಲೆ, ಸಣ್ಣದೊಂದು ಬೆಳ್ಳನೆಯ ಆಕಾರವಿತ್ತು. ಪಿನ್ನು. ಆ ಪಿನ್ನಿಗೆ ಸಿಕ್ಕಿಸಿದ ಎರಡು ಕೀಲಿಕೈ. ಬೀಳದಿರಲೆಂದು ಬಣ್ಣದವನು ಅಂಗಿಯ ಜೇಬಿಗೆ ಚುಚ್ಚಿಕೊಂಡಿದ್ದ. ಗಂಡಸರ ಅಂಗಿಗೆ ಜೇಬು ಬಲಗಡೆ ಹೊಲಿಯುವ ದರ್ಜಿಯನ್ನು ಅವಳು ಈ ವಯಸ್ಸಿನವರೆಗೆ ಕಂಡಿರಲಿಲ್ಲ. ಮಗುಚಿಹೋಗಿದ್ದು ಚಿತ್ರವೇ. ಹೊರಗಿನಿಂದ ಯಾರೋ ಎರಡು ಸಲ ಬಾಗಿಲು ಬಡಿದು ಹೋದರು.

ವಿಭಾಗದ ಮುಖ್ಯಸ್ಥರ ಕೋಣೆಗೆ ಹೋಗಿ ಎಲ್ಲ ಹೇಳಿದಳು. ಅವರು ಕೆಟ್ಟವರಲ್ಲ, ನಿವೃತ್ತಿಗೆ ಹತ್ತಿರವಿದ್ದರು, ಅಷ್ಟೇ. ಎದ್ದು ಬಾಗಿಲು ಹಾಕಿ ಬಂದರು.

"ಎದೆ ಪರೀಕ್ಷೆ ಮಾಡದೆ ಕೊಳವೆ ಹಾಕಿದ್ದು ಅವನ ತಪ್ಪು. ವಿಚಾರಣೆ ಅವನ ಮೇಲಿದೆ. ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕೆ ಹೆಗಲು ಮುಟ್ಕೊಳ್ತೀರಿ?"

"ಹೆಗಲ ಮೇಲೆ ಬೂದಿ ಇದೆ ಸಾರ್."

"ಒರೆಸಿಬಿಡಿ. ಆ ಚಿತ್ರ ಇನ್ನೊಂದ್ಸಲ ಮಗುಚಿದ್ರೆ ನೆಟ್ಟಗಾಗುತ್ತೆ. ಒಂದು ಗುಂಡಿ. ಸತ್ತವನು ಎದ್ದು ಬರಲ್ಲ. ಯೋಚನೆ ಮಾಡಿ, ನಾಳೆ ಬನ್ನಿ."

ಅವಳು ಮತ್ತೆ ಯಂತ್ರದ ಮುಂದೆ ಕೂತಳು. ಬೆರಳು ಗುಂಡಿಯ ಮೇಲೆ ಇಟ್ಟದ್ದೂ ನಿಜ, ಇದನ್ನು ಆಮೇಲೆ ಅವಳೇ ಒಪ್ಪಿಕೊಂಡಳು. ಮೆಟ್ಟಿಲಲ್ಲಿ ಚಿಕ್ಕ ಡಾಕ್ಟರು ಯಾರಿಗೋ ಹೇಳುತ್ತಿದ್ದುದು ಕೇಳಿಸಿತು: "ನಂಗೇ ಈಗ ಅನುಮಾನ ಬರ್ತಿದೆ. ನಾನೇ ತಪ್ಪು ನೋಡಿದ್ನೇನೋ." ಅವಳು ಬೆರಳು ತೆಗೆದಳು.

ಮನೆಯಲ್ಲಿ ಅತ್ತೆಗೂ ಹೇಳಿದಳು. ಮುದುಕಿ ಸಿಡಿದೆದ್ದರು. "ಹರಿಶ್ಚಂದ್ರನ ತುಂಡಾಗಿಬಿಟ್ಯಾ? ಕೆಲಸ ಹೋದ್ರೆ ನನ್ನನ್ನ ಯಾವ ಬೀದೀಲಿ ಕೂರಿಸ್ತೀಯ? ಬಾಯಿಗೆ ಬೀಗ ಹಾಕ್ಕೊಂಡು ತೆಪ್ಪಗಿರು."

"ಅವನು ಎಡಗಡೆ ಅಂತ ಬಾಯಿ ಬಿಟ್ಟು ಹೇಳಿದ್ದ ಅತ್ತೆ."

"ಹೇಳಿದ್ರೆ? ನೀನು ಬೇಕೂಂತ ಮಾಡಿದ್ಯಾ?"

ಮರುದಿನ ನಡೆದದ್ದನ್ನು ಕಾಗದದಲ್ಲಿ ಬರೆದು ಮುಖ್ಯಸ್ಥರ ಮೇಜಿನ ಮೇಲಿಟ್ಟಳು. ಅತ್ತೆ ಹನ್ನೊಂದು ದಿನ ಮಾತು ಬಿಟ್ಟರು. ಹೇಳಬೇಕಾದುದನ್ನೆಲ್ಲ ಗೋಡೆಗೆ ಹೇಳುತ್ತಿದ್ದರು. "ಗೋಡೇ, ನಲ್ಲಿ ನೀರು ನಿಂತುಹೋಗುತ್ತೆ ಅಂತ ಯಾರಿಗಾದ್ರೂ ಹೇಳು."

ವಿಚಾರಣೆಯ ದಿನ ಉದ್ದನೆಯ ಮೇಜಿನ ಆಚೆ ನಾಲ್ವರು ಕೂತಿದ್ದರು. ಈಚೆ ಅಕ್ಕ, ಒಂದು ಕುರ್ಚಿ ಬಿಟ್ಟು ಚಿಕ್ಕ ಡಾಕ್ಟರು. ಕಿಟಕಿಯ ಹತ್ತಿರ ಬಣ್ಣದವನ ಹೆಂಡತಿ. ಅಕ್ಕ ಪಿನ್ನು ತೋರಿಸಿದಳು, ಎರಡು ಗುಂಡಿ ತೋರಿಸಿದಳು, ಸೀಸದ ಅಕ್ಷರಕ್ಕೆ ಬರೆದ ಚೀಟಿಗಳನ್ನೂ ತೋರಿಸಿದಳು. "ಚೀಟಿ ಬರೆದೆ ಅಂದ ಮಾತ್ರಕ್ಕೆ ನನ್ನ ತಪ್ಪು ಕಮ್ಮಿ ಆಗಲ್ಲ. ನೋವು ಎಡಗಡೆ ಅಂತ ಅವರ ಬಟ್ಟೆ ಮೇಲೆ ಒಂದು ಅಂಟುಪಟ್ಟಿ ಅಂಟಿಸಿ ಬರೀಬಹುದಿತ್ತು. ಬರೀಲಿಲ್ಲ."

ಚಿಕ್ಕ ಡಾಕ್ಟರು ತಲೆ ತಗ್ಗಿಸಿಕೊಂಡೇ ಹೇಳಿದರು: "ನಾನು ಸ್ಟೆತಸ್ಕೋಪು ಇಟ್ಟು ಕೇಳ್ಬೇಕಿತ್ತು. ಕೊರಳಲ್ಲೇ ಇತ್ತು."

ಆಗ ಕಿಟಕಿಯ ಕಡೆಯಿಂದ ಹೆಂಡತಿ ಮಾತಾಡಿದಳು. ಅಳುತ್ತಿರಲಿಲ್ಲ.

"ನಮ್ಮನೆಯವರು ನಿಮ್ಮ ಹತ್ರ ಏನಾದ್ರೂ ಮಾತಾಡಿದ್ರಾ?"

"ಎಡಗಡೆ ಮುಟ್ಬೇಡಿ ಅಂದ್ರು."

"ನೀವು ಕೇಳಿಸ್ಕೊಂಡ್ರಾ?"

"ಕೇಳಿಸ್ಕೊಂಡೆ."

ಅವಳು ಇನ್ನೇನಾದರೂ ಕೇಳಿಯಾಳೆಂದು ಎಲ್ಲರೂ ಕಾದರು. ಅವಳು ಸೆರಗು ಸರಿಮಾಡಿಕೊಂಡು ಎದ್ದು ಹೊರಟುಹೋದಳು. ಹಿಂದಿನಿಂದ ಅಕ್ಕ ಮೊಗಸಾಲೆಯವರೆಗೆ ಓಡಿದಳು. "ನನ್ನದು ತಪ್ಪಾಯ್ತು" ಎಂದಳು. ಹೆಂಡತಿ ತಿರುಗಿ ನೋಡಲಿಲ್ಲ. "ಆಯ್ತಲ್ಲ" ಎಂದಷ್ಟೇ ಹೇಳಿ ನಡೆದಳು.

ಚಿಕ್ಕ ಡಾಕ್ಟರಿಗೆ ಒಂದು ವರ್ಷ ವಾರ್ಡು ತಪ್ಪಿತು. ಅಕ್ಕನನ್ನು ಆರು ತಿಂಗಳು ಮನೆಯಲ್ಲಿ ಕೂರಿಸಿದರು. ಆಮೇಲೆ ಎಕ್ಸ್‌ರೇ ಕೋಣೆಗೆ ಸೇರಿಸದೆ, ಹೊರಗೆ ರೋಗಿಗಳು ಕಾಯುವ ಜಾಗದಲ್ಲಿ ಒಂದು ಮೇಜು ಹಾಕಿಕೊಟ್ಟರು. ಒಳಗೆ ಹೋಗುವವರಿಗೆ ಏನೇನು ಆಗುತ್ತದೆಂದು ತಿಳಿಹೇಳುವುದು ಅವಳ ಕೆಲಸ. ಉಂಗುರ, ಪಿನ್ನು, ಕೀಲಿಕೈ ಬಿಚ್ಚಿಡಿ. ಹೊಟ್ಟೆಯಲ್ಲಿ ಮಗುವಿದ್ದರೆ ಮೊದಲೇ ಹೇಳಿ. ಸುರಂಗದಂಥ ಎಂಆರ್‌ಐ ಯಂತ್ರದಲ್ಲಿ ಡಬಡಬ ಸದ್ದಾಗುತ್ತದೆ, ಕಿವಿಗೆ ಹತ್ತಿ ಕೊಡುತ್ತಾರೆ. ಕೈಯಲ್ಲಿ ಒತ್ತುಗುಂಡಿ ಇರುತ್ತದೆ, ತಡೆಯಲಾರದಿದ್ದರೆ ಒತ್ತಿ, ಹೊರಗೆಳೆಯುತ್ತಾರೆ. ಕೊನೆಗೆ ಪ್ರತಿಯೊಬ್ಬರಿಗೂ ಒಂದು ಮಾತು ಸೇರಿಸುತ್ತಿದ್ದಳು. "ನೋವು ಯಾವ ಕಡೆ ಅಂತ ಚಿತ್ರ ತೆಗೆಯೋರಿಗೂ ಹೇಳಿ, ಡಾಕ್ಟರಿಗೂ ಹೇಳಿ. ಕಿವಿಗೆ ಹಾಕ್ಕೊಳ್ಳದಿದ್ರೆ ಕೂಗಿ ಹೇಳಿ."

ಜೊತೆಗಾರ ಒಂದು ದಿನ ಕೇಳಿದ. "ಯಾಕಕ್ಕ ಜನರನ್ನ ಹೆದರಿಸ್ತೀಯ?" ಅವಳು ಮುಂದಿನವರ ಚೀಟಿ ತೆಗೆದುಕೊಂಡಳು.

ಎರಡು ವರ್ಷದ ಮೇಲೆ ಕಾಯುವ ಜಾಗದ ಗೋಡೆಗಳಿಗೆ ಬಣ್ಣ ಹೊಡೆಯಲು ಮೇಸ್ತ್ರಿಯ ತಂಡ ಬಂತು. ಅವರ ನಡುವೆ, ಗೋಡೆ ಉಜ್ಜುವ ಕಾಗದ ಹಿಡಿದು, ಬಣ್ಣದವನ ಹೆಂಡತಿ ಇದ್ದಳು. ಮೈ ಇಳಿದುಹೋಗಿತ್ತು. ಅಕ್ಕನಿಗೆ ಗುರುತು ಸಿಕ್ಕಿತು. ಅವಳಿಗೂ ಸಿಕ್ಕಿತು. ಮೂರು ದಿನ ಒಂದೇ ಜಾಗದಲ್ಲಿ ಇಬ್ಬರೂ ಕೆಲಸ ಮಾಡಿದರು, ಒಬ್ಬಳು ಕೂತು, ಒಬ್ಬಳು ನಿಂತು. ಮೂರನೆಯ ದಿನ ಮೇಜಿನ ಹಿಂದಿನ ಗೋಡೆಯ ಸರದಿ ಬಂದಾಗ ಆಕೆ ಹತ್ತಿರ ಬಂದಳು.

"ಇದನ್ನ ಸ್ವಲ್ಪ ಸರಿಸ್ಬೇಕು."

ಅಕ್ಕ ಎದ್ದು ಒಂದು ಕಡೆ ಹಿಡಿದಳು, ಆಕೆ ಇನ್ನೊಂದು ಕಡೆ. ಮೇಜು ಭಾರವಿತ್ತು. ಎತ್ತಿ ಬಾಗಿಲ ಪಕ್ಕಕ್ಕೆ ಇಟ್ಟರು. ಹೆಂಡತಿ ಕೈ ಕೊಡವಿಕೊಂಡು ಗೋಡೆಯ ಕಡೆ ಹೋದಳು. ಅಕ್ಕ ಬಾಗಿಲ ಪಕ್ಕದಲ್ಲೇ ಕೂತು ಮುಂದಿನವರನ್ನು ಕರೆದಳು. ಕೈಗೆ ಕಟ್ಟು ಹಾಕಿಕೊಂಡಿದ್ದ ಮುದುಕರೊಬ್ಬರು ಎದ್ದು ಬಂದರು. ಮೊದಲ ಸಲ ಬಂದಿದ್ದರು, ಹೆದರಿದ್ದರು. "ನೋವು ಯಾವ ಕಡೆ, ಮೊದಲು ನನಗೆ ಹೇಳಿ" ಎಂದಳು ಅಕ್ಕ.