ಉದಾರಿಗಳ ದನಿ

ಧೂಳುಗಾಳಿಯ ದಿನ ಎ.ಸಿ. ಹಾಕಿದರೆ ಈ ಕೊಲ್ಲಿ ದೇಶದ ಅಲ್ ಅಜೀಜಿಯಾದ ನಮ್ಮ ಫ್ಲಾಟಿನಲ್ಲಿ ಹಸಿ ಸುಣ್ಣದಂಥ ವಾಸನೆ ಹಬ್ಬುತ್ತದೆ. ನಿಮಗೂ ಇಂಥದ್ದೊಂದು ವಾಸನೆ ಇರಬಹುದು, ಹೇಳದೆ ಕೇಳದೆ ಎಲ್ಲಿಗೋ ಎಳೆದೊಯ್ಯುವಂಥದ್ದು. ನನ್ನನ್ನು ಇದು ಇದೇ ಊರಿನ ಮುಐದರ್‌ನ ಹಳೆಯ ವಿಲ್ಲಾಕ್ಕೆ ಒಯ್ಯುತ್ತದೆ. ಮದುವೆಗೆ ಮುಂಚೆ ಅಲ್ಲಿಯ ಒಂದು ಕೋಣೆಯಲ್ಲಿ ಮೂವರಿದ್ದೆವು: ನಾನು, ಬಂಟ್ವಾಳದ ಇಕ್ಬಾಲ್, ಮೈಸೂರಿನ ಪದ್ಮನಾಭ ಮೇಷ್ಟ್ರು. ಮೇಷ್ಟ್ರು ಊರಲ್ಲಿ ಚರಿತ್ರೆ ಕಲಿಸಿದವರು, ಇಲ್ಲಿ ಗೋದಾಮಿನ ಗುಮಾಸ್ತರು. ತೀರಿಕೊಂಡು ವರ್ಷಗಳಾದವು. ಅವರ ಫೋಟೊ ಕೂಡ ನನ್ನಲ್ಲಿಲ್ಲ; ಉಳಿದಿರುವುದು ದನಿಯೊಂದೇ.

ಮೊನ್ನೆ ಮಗಳು ಸಿರಿ ಪರೀಕ್ಷೆಗೆ ಓದುತ್ತಾ ಕೇಳಿದಳು, "ಅಪ್ಪಾ, ಜರ್ಮನ್ ಲಿಬರಲ್ಸ್‌ಗೆ ಕನ್ನಡದಲ್ಲಿ ಏನಂತಾರೆ?"

"ಉದಾರವಾದಿಗಳು."

"ಉದಾರ ಅಂದ್ರೆ ದಾನ ಕೊಡೋರಲ್ವಾ?"

ನಕ್ಕುಬಿಟ್ಟೆ. ಶುಕ್ರವಾರದ ಊಟವಾದ ಮೇಲೆ ಮೇಷ್ಟ್ರು ಆಡುತ್ತಿದ್ದ ತಮಾಷೆಯೇ ಅದು. ಗೊಗ್ಗರು ದನಿ, ಮಾತಿಗೆ ಮೊದಲೊಂದು ಉಸಿರು: "ಉದಾರಿಗಳು ಕಣಯ್ಯಾ! ಮೊದಲು ಕಿರೀಟಾನೇ ಕೊಡೋಕೆ ಹೋದ್ರು, ಪ್ರಷ್ಯದ ರಾಜ ಬೇಡ ಅಂದ. ಮುಂದಿನ ರಾಜನ ಮಂತ್ರಿ ಸಂಸತ್ತಿನ ಒಪ್ಪಿಗೆ ಇಲ್ದೇನೇ ಖರ್ಚು ಮಾಡಿ ಸೈನ್ಯ ಬೆಳೆಸಿದ. ಇವರು ಕೂಗಾಡಿದ್ರು. ಅವನು ಯುದ್ಧ ಗೆದ್ದ. ಇವರು ಎರಡು ಹೋಳಾದ್ರು. ಎಷ್ಟೋ ಜನ ಎದ್ದು ನಿಂತು, ಆಗಿದ್ದೆಲ್ಲ ಸರಿ ಅಂದ್ಬಿಟ್ರು. ದೇಶ ಒಂದಾಯ್ತು, ಇವರದೇ ದೊಡ್ಡ ಪಕ್ಷ. ಆಮೇಲೆ ಮಂತ್ರಿಗೆ ಇವರು ಬೇಡವಾದ್ರು. ಒಡೆದು ಒಡೆದು ಸಣ್ಣಗಾದ್ರು. ಬಾಯಿ ಬಿಟ್ರೆ ಬರ್ತಿದ್ದದ್ದು ಅವನ ಮಾತು. ದನೀನೂ ದಾನ ಕೊಟ್ಟಿದ್ರಲ್ಲಾ!"

ಅಷ್ಟನ್ನೂ ಸಿರಿಗೆ ಹೇಳಿದೆ. ಆದರೆ ನನ್ನ ನೆನಪನ್ನು ನಾನೇ ನಂಬುವವನಲ್ಲ; ದಿನಚರಿ ಬರೆಯುವವರ ಚಾಳಿ. ಮೇಷ್ಟ್ರ ಮಾತು ಹೀಗೇ ಇತ್ತೇ ಎಂದು ಇಕ್ಬಾಲನಿಗೆ ಫೋನು ಮಾಡಿದೆ.

"ಎಂತ ಮಾರಾಯ, ಬಿಸಿಲು ತಲೆಗೆ ಹತ್ತಿತಾ? ಮೇಷ್ಟ್ರು ಎಲ್ಲಿ ಮಾತಾಡ್ತಿದ್ರು? ಗಂಟಲಿನ ಆಪರೇಶನ್ ಆಗಿ ಸ್ವರವೇ ಹೋಗಿತ್ತಲ್ಲ."

"ಹಾಗಾದ್ರೆ ಜರ್ಮನಿ ಕಥೆ?"

"ಅದು ನೀನು ಹೇಳ್ತಿದ್ದದ್ದು. ಅವರ ಎದುರು ಕೂತು. ಅವರು ಬರೀ ತುಟಿ ಆಡಿಸ್ತಿದ್ರು, ಸ್ವರ ನಿನ್ನ ಬಾಯಿಂದ ಬರ್ತಿತ್ತು. ನನಗೆ ಹೆದರಿಕೆ ಆಗಿ ಹೊರಗೆ ಹೋಗ್ತಿದ್ದೆ. ಖಲಾಸ್, ಆ ವಿಷಯ ಬಿಡು."

ನಾನು ಓದಿದ್ದು ವಾಣಿಜ್ಯ. ಪ್ರಷ್ಯ ಎಲ್ಲಿತ್ತೆಂದು ನಕ್ಷೆಯಲ್ಲಿ ಈಗಲೂ ತೋರಿಸಲಾರೆ.

ಮರೆವು ಇಕ್ಬಾಲನದೇ ಇರಬಹುದು ಎಂದು ಸಮಾಧಾನ ಹೇಳಿಕೊಂಡೆ. ಆದರೆ ಅವನ ಮಾತು ನಿಜವಾದರೆ, ಮೇಷ್ಟ್ರದೆಂದು ಇಷ್ಟು ವರ್ಷ ಕಾಪಾಡಿಕೊಂಡು ಬಂದ ದನಿ ಯಾರದು? ಅವರದಾಗಿ ಉಳಿದದ್ದಾದರೂ ಏನು? ಯೋಚಿಸುತ್ತಲೇ ಅಡುಗೆಮನೆಗೆ ನಡೆದು, ಎಂದಿನಂತೆ "ಸಿರೀ, ಊಟಕ್ಕೆ ಬಾ" ಎಂದು ಕರೆದೆ.

ಅವಳು ಬಾಗಿಲಲ್ಲೇ ನಿಂತಳು. ನನ್ನನ್ನು ನೋಡಿದಳು, ನನ್ನ ಹಿಂದೆ ಇಣುಕಿದಳು.

"ಅಪ್ಪಾ, ಈಗ ನನ್ನ ಕರೆದೋರು ಯಾರು? ಯಾರು ಬಂದಿದ್ದಾರೆ?"