ಅರ್ಧ ಅಂಕವನ್ನೂ ಬಿಡದ ನಾಗರತ್ನ ಮೇಡಂ

ನಾಗರತ್ನ ಮೇಡಂ ತಿದ್ದಿದ ಉತ್ತರಪತ್ರಿಕೆಯಲ್ಲಿ ನಮ್ಮ ಬರಹಕ್ಕಿಂತ ಅವರ ಕೆಂಪು ಶಾಯಿಯೇ ಹೆಚ್ಚಿರುತ್ತಿತ್ತು. ಅರ್ಧ ಅಂಕ ಕಳೆದರೂ ಯಾಕೆ ಕಳೆದೆ ಎಂದು ಪಕ್ಕದಲ್ಲಿ ಬರೆಯುತ್ತಿದ್ದರು. ಹುಣಸೂರಿನ ನಮ್ಮ ಕಾಲೇಜಿನಲ್ಲಿ ಅವರು ಕೆಮಿಸ್ಟ್ರಿ ಕಲಿಸುತ್ತಿದ್ದರು. ಲ್ಯಾಬಿನಲ್ಲಿ ಯಾರಾದರೂ ಪಕ್ಕದವರ ರೀಡಿಂಗ್ ನೋಡಿ ಬರೆದರೆ ಸ್ಟೂಲು ಎಳೆದುಕೊಂಡು, "ಇನ್ನೊಂದ್ಸಲ ಮಾಡವ್ವ, ನಾನು ಇಲ್ಲೇ ಕೂತಿರ್ತೀನಿ" ಎನ್ನುತ್ತಿದ್ದರು. ಸಂಜೆ ಐದೂವರೆಯಾದರೂ ಕೂತೇ ಇರುತ್ತಿದ್ದರು.

ಎರಡನೇ ವರ್ಷದ ಇಂಟರ್ನಲ್ಸ್‌ನಲ್ಲಿ ಅವರು ನನಗೆ ನಲವತ್ತಕ್ಕೆ ಇಪ್ಪತ್ತಮೂರು ಹಾಕಿದರು. ಹಾಸ್ಟೆಲಿನಲ್ಲಿ ನನ್ನ ರೂಮಿನಲ್ಲೇ ಇದ್ದ ಬಿ.ಎ. ಓದುವ ಸೌಮ್ಯಳಿಗೆ ಎಲ್ಲ ವಿಷಯದಲ್ಲೂ ಮೂವತ್ತೊಂಬತ್ತು. ಅಸೈನ್‌ಮೆಂಟಿನ ಮೇಲೆ ಹೆಸರಿದ್ದರೆ ಸಾಕು ಎಂದು ಅವಳೇ ನಗುತ್ತಿದ್ದಳು. ಮುಂದಿನ ವರ್ಷದ ಹಾಸ್ಟೆಲ್ ಸೀಟಿಗೆ ಮಾತ್ರ ಎಲ್ಲ ವಿಭಾಗದವರ ಅಂಕವನ್ನೂ ಒಂದೇ ಪಟ್ಟಿಗೆ ಹಾಕಿದರು. ಸೌಮ್ಯ ಉಳಿದಳು. ನಾನು ಎರಡು ಅಂಕದಿಂದ ಹೊರಗೆ ಬಿದ್ದೆ.

ಬೆಟ್ಟದಪುರದ ಹತ್ತಿರದ ನಮ್ಮೂರಿಂದ ಅವ್ವ ಹೊಗೆಸೊಪ್ಪಿನ ಕೆಲಸ ಬಿಟ್ಟು ಬಂದಳು. ಮೇಡಂ ಅವಳನ್ನು ತಮ್ಮ ಕುರ್ಚಿಯಲ್ಲೇ ಕೂರಿಸಿ ನನ್ನ ಪತ್ರಿಕೆ ಬಿಡಿಸಿಟ್ಟರು. ಅವ್ವನಿಗೆ ಓದಲು ಬಾರದು. "ಎರಡು ಮಾರ್ಕ್ಸ್ ಆಕ್ಬುಡಿ ಮೇಡಂ, ಯಾರ್ಗೂ ನಷ್ಟ ಇಲ್ವಲ್ಲ" ಎಂದಳು.

"ಇವಳಿಗೆ ಹಾಕಿದ್ರೆ, ಇವಳಷ್ಟೇ ಬರೆದಿರೋ ಇನ್ನೊಬ್ಳಿಗೆ ಏನಂತ ಹೇಳ್ಲಿ ತಾಯಿ?" ಎಂದ ಮೇಡಂ ಕಣ್ಣೊರೆಸಿಕೊಂಡರು. ಅಂಕ ಬದಲಾಗಲಿಲ್ಲ.

ಎಲ್ಲ ವಿಭಾಗಕ್ಕೂ ಒಂದೇ ಅಳತೆ ಇರಲಿ ಎಂದು ಅವರು ಸ್ಟಾಫ್ ಮೀಟಿಂಗಿನಲ್ಲಿ ಕೇಳಿದರಂತೆ. ಅದನ್ನು ಅಲ್ಲಿಗೇ ಬಿಟ್ಟು ಮುಂದಿನ ವಿಷಯ ತೆಗೆದುಕೊಂಡರೆಂದು ಅಟೆಂಡರ್ ಹೇಳಿದ. ಮೂರನೇ ವರ್ಷವೆಲ್ಲ ನಾನು ಬೆಳಗಿನ ಆರರ ಬಸ್ಸಿನಲ್ಲಿ ನಿಂತುಕೊಂಡೇ ಕಾಲೇಜಿಗೆ ಬಂದೆ. ನಿಂತಷ್ಟು ಹೊತ್ತೂ ಅವರನ್ನು ಮನಸ್ಸಿನಲ್ಲೇ ಬೈದೆ. ಅಂಕ ಸಿಗದ ವಿಷಯವೆಂದು ಕೆಮಿಸ್ಟ್ರಿಗೆ ಸೇರುವವರು ವರ್ಷ ವರ್ಷಕ್ಕೂ ಕಡಿಮೆಯಾಗಿ, ಕೊನೆಗೆ ಆ ವಿಭಾಗವೇ ಮುಚ್ಚಿತು. ಮೇಡಂ ಅವರನ್ನು ಹೆಗ್ಗಡದೇವನಕೋಟೆಗೆ ವರ್ಗ ಮಾಡಿದರು.

ಹೋದ ವರ್ಷ ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದರು. ನಿವೃತ್ತಿಗೆ ಒಂದೇ ತಿಂಗಳು ಉಳಿದಿತ್ತು. ನಾನೀಗ ಪಿರಿಯಾಪಟ್ಟಣದ ಒಂದು ಖಾಸಗಿ ಕಾಲೇಜಿನಲ್ಲಿ ಅವರದೇ ವಿಷಯ ಕಲಿಸುತ್ತಿದ್ದೇನೆ ಎಂದಾಗ ಬೆಂಚಿನ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ನನ್ನ ಕೈ ಹಿಡಿದುಕೊಂಡರು.

"ಇಂಟರ್ನಲ್ಸ್ ಹೆಂಗೆ ಹಾಕ್ತೀಯವ್ವ?"

ಮೂವತ್ತೈದಕ್ಕಿಂತ ಕಡಿಮೆ ಹಾಕಬಾರದೆಂದು ನಮ್ಮ ಆಡಳಿತದವರು ಹೇಳಿಬಿಟ್ಟಿದ್ದಾರೆ. "ಎಲ್ಲಾರೂ ಹಾಕೋ ಹಂಗೇ ಮೇಡಂ" ಎಂದೆ.

ಅವರು ಹಿಡಿದಿದ್ದ ಕೈಯನ್ನು ಮೆಲ್ಲನೆ ಎರಡು ಸಲ ತಟ್ಟಿ, ಕೋಟೆ ಬಸ್ಸು ಬಂತು ಕಣವ್ವ ಎಂದು ಎದ್ದರು.

ಬಸ್ಸು ಇನ್ನೂ ಬಂದಿರಲಿಲ್ಲ.